ಮೊದಲ ಹಾಳೆಯಲ್ಲೇ ಸೋಲುವ ಕೇಸು

ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಎಂಬ ಕಚೇರಿ 1970ರ ದಶಕದಿಂದಲೂ ಇದೆ. ಡಿಸಿಆರ್‌ಇ ಎಂದರೆ ಕೆಲವರಿಗೆ ಗುರುತು ಹತ್ತೀತು, ಅದೂ ಸುಳ್ಳು ಜಾತಿ ಪ್ರಮಾಣಪತ್ರ ಹಿಡಿಯುವ ಪೊಲೀಸರು ಎಂದು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ಪ್ರಕರಣಗಳ ಮೇಲೆ ಕಣ್ಣಿಡುವುದೂ ಅದರ ಕೆಲಸವೇ. 2025ರಲ್ಲಿ ಅದಕ್ಕೆ ತನ್ನದೇ 33 ಠಾಣೆಗಳೂ ಬಂದವು. ಉಸ್ತುವಾರಿ ಅಷ್ಟಕ್ಕೇ ನಿಂತಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಸಮಿತಿ ಜನವರಿ, ಜುಲೈನಲ್ಲಿ ಸೇರಬೇಕು. ಕೇಂದ್ರ ಸರ್ಕಾರ ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಒಪ್ಪಿಸಬೇಕು. ಇಷ್ಟೊಂದು ಕಾವಲಿದ್ದೂ ಕೇಸುಗಳು ಬಿದ್ದುಹೋಗುತ್ತವೆ. ಕಾವಲಿನವರು ನೋಡುವುದು ಕಡತವನ್ನು, ಕಡತ ಹುಟ್ಟುವುದು ಠಾಣೆಯಲ್ಲಿ ಬರೆದ ಮೊದಲ ಹಾಳೆಯಿಂದ. ಆ ಹಾಳೆಯಲ್ಲಿ ಇಲ್ಲದ್ದನ್ನು ಮುಖ್ಯಮಂತ್ರಿಯ ಸಮಿತಿಯೂ ತಂದು ಸೇರಿಸಲಾರದು.

ಆ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದೇನು? “ಸದರಿಯವರು ಏಕಾಏಕಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಜಾತಿ ನಿಂದನೆ ಮಾಡಿ, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ.” ಠಾಣೆ ಎದುರು ಅರ್ಜಿ ಬರೆದುಕೊಡುವವರ ಕೈಯಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ಇದೊಂದೇ ವಾಕ್ಯ ಓಡಾಡುತ್ತದೆ. ಓದಲು ಗಂಭೀರವಾಗಿದೆ, ನ್ಯಾಯಾಲಯದಲ್ಲಿ ಟೊಳ್ಳು. ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು (ಎಸ್) ಕಲಮುಗಳ ಪ್ರಕಾರ ಅವಮಾನ ನಡೆದದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. 2020ರ ನವೆಂಬರ್‌ನಲ್ಲಿ ಉತ್ತರಾಖಂಡದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಹೊರಗಿನವರಿಲ್ಲದೆ ನಾಲ್ಕು ಗೋಡೆಗಳ ನಡುವೆ ಆಡಿದ್ದೆನ್ನಲಾದ ಮಾತಿಗೆ ಈ ಕಲಮು ತಾಗದೆಂದು ಆ ಆರೋಪವನ್ನು ರದ್ದು ಮಾಡಿತು. ಹಾಗಾಗಿ ದೂರಿನಲ್ಲಿ ಜಾಗ ಬೇಕು, ಹೊತ್ತು ಬೇಕು, ಎದುರಿಗಿದ್ದವರ ಹೆಸರು ಬೇಕು, ಅವರಲ್ಲಿ ನಿಮ್ಮ ಮನೆಯವರಲ್ಲದವರೂ ಇರಬೇಕು. “ಸಂಜೆ ಆರರ ಸುಮಾರಿಗೆ, ಹಾಲಿನ ಡೇರಿ ಮುಂದೆ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಇಂಥಿಂಥವರು ಕೇಳುವಂತೆ” ಎಂದು ಬರೆದರೆ ಕೇಸಿಗೆ ಜೀವ ಬರುತ್ತದೆ. ಆಡಿದ ಮಾತನ್ನೂ ಆಡಿದ ಹಾಗೆಯೇ ಬರೆಸಿ. ಅಸಹ್ಯವಾಗಿದೆಯೆಂದು ನಾಚಿ ‘ಜಾತಿ ನಿಂದನೆ’ ಎಂದು ಮುಚ್ಚಿದರೆ, ಮುಂದೆ ಪಾಟೀಸವಾಲಿನಲ್ಲಿ ನಿಜವಾದ ಮಾತು ಹೇಳಿದಾಗ “ಇದನ್ನು ಆಮೇಲೆ ಸೇರಿಸಿದ್ದೀರಿ” ಎನ್ನುತ್ತಾರೆ. ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಲ್ಲ ಎಂಬುದನ್ನೂ ಬರೆಸಿ, ಗೊತ್ತಿದ್ದರೆ ಜಾತಿಯ ಹೆಸರು ಸಮೇತ.

ಪೆಟ್ಟು ತಿಂದು ಬಂದವರ ತಲೆಗೆ ಈ ಕರಡು ಬರೆಯುವ ಹೊಣೆ ಕಟ್ಟುವುದು ಅನ್ಯಾಯವಲ್ಲವೇ ಎಂದು ಯಾರಾದರೂ ಕೇಳಿದರೆ, ಅನ್ಯಾಯವೇ. ಕಾನೂನು ಕೂಡ ಹಾಗೆ ಹೇಳಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದು, ಓದಿ ಹೇಳುವುದು, ಆಮೇಲೆ ಸಹಿ ಪಡೆಯುವುದು, ಪ್ರತಿಯನ್ನು ಪುಕ್ಕಟೆ ಕೊಡುವುದು, ಎಲ್ಲವೂ ಠಾಣಾಧಿಕಾರಿಯ ಕೆಲಸ. ತಪ್ಪಿಸಿದ ಅಧಿಕಾರಿಗೆ, ಆತ ಪರಿಶಿಷ್ಟನಲ್ಲದಿದ್ದರೆ, ನಾಲ್ಕನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷದ ಸಜೆಯಿದೆ. ಆದರೆ “ಬರೆಸಿಕೊಂಡು ಬನ್ನಿ” ಎಂದು ಹೊರಗೆ ಕಳಿಸುವುದು ಎಷ್ಟು ರೂಢಿಯಾಗಿದೆಯೆಂದರೆ, ಅದು ಕರ್ತವ್ಯಲೋಪ ಎಂದು ಕಳಿಸುವವರಿಗೇ ಅನ್ನಿಸುವುದಿಲ್ಲ. ಇನ್ನೊಂದು ಚಾಳಿ, ಎಫ್‌ಐಆರ್ ಹಾಕದೆ ‘ಅರ್ಜಿ ವಿಚಾರಣೆ’ ಎಂದು ಎರಡೂ ಕಡೆಯವರನ್ನು ಕೂರಿಸಿ ಮುಚ್ಚಳಿಕೆ ಬರೆಸಿ ಕಳಿಸುವುದು. 2018ರ ತಿದ್ದುಪಡಿಯ 18ಎ ಕಲಮು, ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ದಾಖಲಿಸದಿದ್ದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದರ ಒಂದು ಪ್ರತಿ ಡಿಸಿಆರ್‌ಇಗೂ ಹೋಗಲಿ. ಮುಚ್ಚಳಿಕೆಗೆ ಮಾತ್ರ ಸಹಿ ಹಾಕಬೇಡಿ, ನಾಳೆ ಕೇಸು ಮುಚ್ಚುವ ಬಿ ರಿಪೋರ್ಟ್‌ಗೆ ಅದೇ ಆಧಾರವಾಗುತ್ತದೆ.

ಎದುರಿಗೆ ಯಾರೂ ಇಲ್ಲದಾಗ ಆದ ಅವಮಾನಕ್ಕೆ ಏನು ಗತಿ? ಬರೀ ಬೈಗುಳವಾದರೆ ಈ ಕಾಯ್ದೆಯಲ್ಲಿ ಕಷ್ಟವೇ. ಹಲ್ಲೆ, ಬೆದರಿಕೆಯಂಥದ್ದು ಜೊತೆಗಿದ್ದರೆ 3(2)(ವಿಎ) ಕಲಮು ಇದೆ. ಅದಕ್ಕೆ ಸಾರ್ವಜನಿಕರ ಕಣ್ಣು ಬೇಕಿಲ್ಲ, ಬಲಿಪಶು ಪರಿಶಿಷ್ಟರೆಂದು ಆರೋಪಿಗೆ ಗೊತ್ತಿದ್ದರೆ ಸಾಕು, ಒಂದೇ ಊರಿನವರಾದರೆ ಅದನ್ನು ತೋರಿಸುವುದು ಕಷ್ಟವಲ್ಲ. ಗುಡಿ, ಹೋಟೆಲು, ಕ್ಷೌರದಂಗಡಿ, ಬಾವಿಯ ಬಳಿ ತಡೆದರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ಮರೆಯಬೇಡಿ. ಅದರಲ್ಲಿ ಆರೋಪಿಯ ಜಾತಿ ಲೆಕ್ಕಕ್ಕಿಲ್ಲ. ಪರಿಶಿಷ್ಟರಲ್ಲೇ ಒಬ್ಬರು ಇನ್ನೊಬ್ಬರನ್ನು ತಡೆದರೂ ಅಪರಾಧವೇ. ತಡೆದದ್ದು ಅಸ್ಪೃಶ್ಯತೆಯ ಕಾರಣಕ್ಕಲ್ಲ ಎಂದು ತೋರಿಸುವ ಹೊರೆಯೂ ಆರೋಪಿಯದೇ. ಠಾಣೆಗಳು ಈ ಕಾಯ್ದೆಯನ್ನು ಮರೆತಂತಿವೆ, ಆದ್ದರಿಂದ ನೀವೇ ಹೆಸರು ಹೇಳಿ ಕೇಳಬೇಕು.

ದೌರ್ಜನ್ಯ ತಡೆ ಕಾಯ್ದೆ ದುರ್ಬಳಕೆಯಾಗುತ್ತಿದೆ ಎಂಬ ಆಕ್ಷೇಪ ಹಳೆಯದು. ಖುಲಾಸೆಯಾದ ಕೇಸುಗಳನ್ನು ತೋರಿಸಿ ನೋಡಿ ಎನ್ನುತ್ತಾರೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ದುರ್ಬಳಕೆಯ ಆತಂಕದಿಂದಲೇ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿತ್ತು. ಅದೇ ವರ್ಷ ಸಂಸತ್ತು ಆ ಬಾಗಿಲು ಮುಚ್ಚಿತು, 2020ರ ಫೆಬ್ರುವರಿಯಲ್ಲಿ ನ್ಯಾಯಾಲಯವೇ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸುಳ್ಳು ದೂರುಗಳು ಇಲ್ಲವೆಂದಲ್ಲ, ಯಾವ ಕಾನೂನಿನಲ್ಲೂ ಇವೆ. ಆದರೆ ಆರೋಪಿ ಖುಲಾಸೆಯಾದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಜಾಗವಿಲ್ಲದ, ಸಾಕ್ಷಿಯಿಲ್ಲದ, ಆಡಿದ ಮಾತೇ ಇಲ್ಲದ ದೂರನ್ನು ಬರೆಸಿಕೊಂಡು, ಡಿವೈಎಸ್ಪಿ ಮಾಡಬೇಕಾದ ತನಿಖೆಯನ್ನು ಕೆಳಗಿನವರ ಕೈಗೆ ಬಿಟ್ಟು, ಕೊನೆಗೆ ಕೇಸು ಬಿದ್ದಾಗ ದೂರುದಾರನನ್ನೇ ಸುಳ್ಳುಗಾರ ಎನ್ನುವುದು ಸುಲಭದ ಲೆಕ್ಕ.

ಪರಿಹಾರದ ಹಣದ ಸುತ್ತ ದಲ್ಲಾಳಿಗಳು ಸುಳಿದಾಡುತ್ತಾರೆ. ಜಾತಿ ನಿಂದನೆಗೆ 2016ರ ನಿಯಮದಲ್ಲಿ ನಿಗದಿಯಾದದ್ದು 1 ಲಕ್ಷ ರೂಪಾಯಿ. ಅದರಲ್ಲಿ ಕಾಲು ಭಾಗ ಎಫ್‌ಐಆರ್ ಹಂತದಲ್ಲೇ ಬರಬೇಕು, ಅರ್ಧ ದೋಷಾರೋಪ ಪಟ್ಟಿ ಸಲ್ಲಿಸಿದಾಗ, ಉಳಿದದ್ದು ಶಿಕ್ಷೆಯಾದಾಗ. “ನಾನು ಮಾಡಿಸಿಕೊಡುತ್ತೇನೆ” ಎಂದು ಪಾಲು ಕೇಳುವವನಿಗೆ ಕೊಡಬೇಕಾದದ್ದು ಏನೂ ಇಲ್ಲ. ಸಮಾಜ ಕಲ್ಯಾಣ ಇಲಾಖೆಗೆ ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ ನೀವೇ ತಲುಪಿಸಿ ಸ್ವೀಕೃತಿ ಪಡೆಯಿರಿ. 60 ದಿನ ಕಳೆದರೂ ದೋಷಾರೋಪ ಪಟ್ಟಿ ಇಲ್ಲವಾದರೆ, ಉಸ್ತುವಾರಿ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಯ ಕಚೇರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೀರಿದರೆ ವಾಪಸು ಕಳಿಸಲು ನೆಪ ಸಿಗುತ್ತದೆ. ಆದ್ದರಿಂದ ಇಷ್ಟೇ ಕೇಳಿ: ಕಳೆದ ಒಂದು ವರ್ಷದಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯ ಸಭೆಗಳು ಯಾವ್ಯಾವ ದಿನಾಂಕದಂದು ನಡೆದವು, ಅವುಗಳ ನಡವಳಿಯ ಪ್ರತಿ ಕೊಡಿ.