ಹಳೆ ರಿವಾಲ್ವರ್ ಕೊಳ್ಳಹೊರಟ ತ್ಯಾವರೆಕೊಪ್ಪದ ಹುಡುಗನಿಗೆ

ಭದ್ರಾವತಿ ಕಡೆಯ ಹಿರಿಯರೊಬ್ಬರು ತಮ್ಮ ಪಾಯಿಂಟ್ 32 ರಿವಾಲ್ವರ್ ಮಾರುತ್ತಾರಂತೆ, ಚಿಕ್ಕದು, ಅಂಗಿಯೊಳಗೆ ಸೊಂಟಕ್ಕೆ ಕೂರುತ್ತದೆ, ನೋಡಿ ಬರಲೇ ಎಂದು ಕೇಳಿದ್ದೀಯ. ನೋಡಿ ಬಾ. ಮುಂಗಡವನ್ನು ಮಾತ್ರ ಇದನ್ನು ಓದಿದ ಮೇಲೆ ಕೊಡು.

• ಯಾತಕ್ಕೆ ಬೇಕು ಎಂಬುದನ್ನು ಮೊದಲು ನಿನಗೆ ನೀನೇ ಹೇಳಿಕೋ. ತೋಟಕ್ಕೆ ಬರುವ ಹಂದಿ, ಮಂಗ, ಆನೆಗಳ ಕಾಟಕ್ಕಾದರೆ ಇದು ಕೆಲಸಕ್ಕೆ ಬಾರದು. ಮೂರಂಗುಲದ ನಳಿಗೆಯ ಗುಂಡು ಪ್ರಾಣಿಯನ್ನು ಗಾಯಗೊಳಿಸಿ ನಿನ್ನ ಮೇಲೆ ತಿರುಗಿಸುತ್ತದೆ, ಜೊತೆಗೆ ವನ್ಯಜೀವಿ ಕಾಯ್ದೆಯ ಮೊಕದ್ದಮೆಯನ್ನೂ ತರುತ್ತದೆ. ಅಡಿಕೆ ದುಡ್ಡು ತರುವಾಗ ರಕ್ಷಣೆಗೆ ಅಂದೆ. ಖಾತೆಗೇ ಹಾಕಿಸಿಕೊಂಡರೆ ಆ ಭಯ ಅರ್ಧ ಕಳೆಯಿತು. ಇಷ್ಟೆಲ್ಲ ಯೋಚಿಸಿದ ಮೇಲೂ ಜೀವಕ್ಕೆ ನಿಜವಾದ ಬೆದರಿಕೆ ಇದೆ ಅನ್ನಿಸಿದರೆ ಮುಂದೆ ಓದು.

• ನಿನ್ನ ಮನೆ ಇರುವ ಜಾಗವೇ ದೊಡ್ಡ ವಿಷಯ. ಪೇಟೆಯವರಿಗೆ ತ್ಯಾವರೆಕೊಪ್ಪ ಎಂದರೆ ಸಾಗರ ರಸ್ತೆಯ ಹುಲಿ-ಸಿಂಹಧಾಮ. ನಿನಗೆ ಅದು ಶೆಟ್ಟಿಹಳ್ಳಿ ಅಭಯಾರಣ್ಯದ ಮಗ್ಗುಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಆಯುಧ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಪೊಲೀಸ್ ವರದಿ ಚೆನ್ನಾಗಿ ಬಂದರೂ ಇದೊಂದರಿಂದ ಕಡತ ನಿಲ್ಲಬಹುದು. ಅರ್ಜಿ ಹಾಕುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸು. ಅದೇ ಕಾಯ್ದೆಯ 31ನೇ ಕಲಮು ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವುದನ್ನೇ ತಡೆಯುತ್ತದೆ. ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡು ನೆಂಟರ ಮನೆಗೆ ಕಾಡಿನ ಒಳದಾರಿ ಹಿಡಿಯಬೇಡ, ಸುತ್ತಾದರೂ ಹೆದ್ದಾರಿಯಲ್ಲೇ ಹೋಗು.

• ಲೈಸೆನ್ಸ್ ಕೈಗೆ ಬಂದ ಮೇಲೆ ರಿವಾಲ್ವರ್. ಅಪ್ಪನ ಹೆಸರಿನ ಬೆಳೆರಕ್ಷಣೆ ಕೋವಿಯ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. ಜಿಲ್ಲಾಧಿಕಾರಿಗಳು ನಿನ್ನ ಹೆಸರಿಗೇ, ರಿವಾಲ್ವರ್ ಅಥವಾ ಪಿಸ್ತೂಲು ಎಂದು ಬರೆದೇ ಕೊಟ್ಟಿರಬೇಕು. ನಿನಗೆ 21 ತುಂಬಿರಬೇಕು, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರವೂ ಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹತ್ತಿರ ಎರಡು ಬಂದೂಕು ಮಾತ್ರ ಇರಬಹುದು, ಮನೆತನದಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಕೊಡಗಿನ ಗೆಳೆಯ ‘ನಮಗೆ ಲೈಸೆನ್ಸೇ ಬೇಡ’ ಅಂದರೆ ಅದನ್ನು ನಿನಗೆ ಅನ್ವಯಿಸಿಕೊಳ್ಳಬೇಡ. 2029ರವರೆಗೆ ಮುಂದುವರಿದಿರುವ ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ.

• ಮಾರುವವರು ಕೈಗೆ ಕೈ ಕೊಡುವಂತಿಲ್ಲ. ಆಯುಧ ಕಾಯ್ದೆಯ 5ನೇ ಕಲಮಿನಂತೆ ಅವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ, ಕನಿಷ್ಠ 45 ದಿನ ಕಳೆದಿರಬೇಕು. ಆ ಪತ್ರದ ಸ್ವೀಕೃತಿಯ ಮುದ್ರೆ ನೋಡು, ನಕಲು ತೆಗೆದುಕೋ. ‘ಈಗ ಒಯ್ಯಿ, ಕಾಗದ ಆಮೇಲೆ’ ಎಂದವರು ನಿನ್ನ ಮಾವನೇ ಆದರೂ ಎದ್ದು ಬಾ. ಇಬ್ಬರ ಲೈಸೆನ್ಸ್ ಪುಸ್ತಕದಲ್ಲೂ ವರ್ಗಾವಣೆ ನಮೂದಾಗುವ ತನಕ ಅದು ಅವರದ್ದೇ.

• ಚೌಕಟ್ಟಿನ ಮೇಲಿನ ನಂಬರನ್ನು ಲೈಸೆನ್ಸಿನ ನಂಬರಿನೊಂದಿಗೆ ಒಂದೊಂದಂಕಿಯಾಗಿ ಬಿಸಿಲಲ್ಲಿ ಹೋಲಿಸು. ಉಜ್ಜಿದ ಗುರುತಿದ್ದರೆ, ಮತ್ತೆ ಕೊರೆದಂತೆ ಕಂಡರೆ ಮುಟ್ಟಬೇಡ. ಹೊರದೇಶದ ಹೆಸರು ಕೊರೆದಿದ್ದ ಮಾತ್ರಕ್ಕೆ ಮರುಳಾಗಬೇಡ, ಕಳ್ಳ ಕುಲುಮೆಗಳಲ್ಲಿ ಅಂಥ ಅಕ್ಷರಕ್ಕೆ ಬರವಿಲ್ಲ. 9 ಎಂಎಂನಂಥ ನಿಷೇಧಿತ ಬೋರಿನದಾದರೆ ಎಷ್ಟೇ ಅಗ್ಗವಿರಲಿ, ಬೇಡ.

• ಆಯುಧ ನೋಡುವ ಬಗೆ. ಕೈಗೆ ಬಂದ ಕೂಡಲೇ ತೆರೆದು ಗುಂಡಿನ ಆರೂ ಮನೆ ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡು. ಕೊಟ್ಟವರು ಈಗಷ್ಟೇ ನೋಡಿದ್ದರೂ ನೀನೂ ನೋಡು. ನಮ್ಮ ಕಡೆ ಸಿಗುವ ಹಳೆಯವು ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯವು, ನಡುವಿನಲ್ಲಿ ಮಡಚಿ ತೆರೆಯುವ ಮಾದರಿ. ಅವುಗಳ ಪ್ರಾಣ ಇರುವುದು ಮೇಲಿನ ಚಿಲಕದಲ್ಲಿ. ಮುಚ್ಚಿದ ಮೇಲೆ ನಳಿಗೆ ಹಿಡಿದು ಮೆಲ್ಲಗೆ ಅಲುಗಿಸು, ಕಟಕಟ ಅಂದರೆ ಚಿಲಕ ಸವೆದಿದೆ. ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿದಾಗ ಸಿಲಿಂಡರ್ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು, ಆರೂ ಮನೆಗೂ ಹೀಗೇ ನೋಡು. ಒಂದರಲ್ಲಿ ತಪ್ಪಿದರೂ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರು ನಿನ್ನ ಮುಖಕ್ಕೇ ಹಾರುತ್ತದೆ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಉಂಗುರದಂಥ ನೆರಳು ಕಂಡರೆ ಅದು ಉಬ್ಬಿದ ನಳಿಗೆ, ರಿಪೇರಿಯಿಲ್ಲ. ಕೊನೆಗೆ ಲೈಸೆನ್ಸುಳ್ಳ ಅಂಗಡಿಯ ಕಾರಿಗರನಿಂದ ಬಿಚ್ಚಿಸಿ ನೋಡಿಸು. ಆ ಕೂಲಿ ಉಳಿಸಬೇಡ.

• ಮಲೆನಾಡಿನ ಮಳೆಗಾಲ ಕಂಡ ರಿವಾಲ್ವರಿನ ತುಕ್ಕು ಹೊರಗೆ ಕಾಣುವುದಿಲ್ಲ. ಹಿಡಿಯ ಪಟ್ಟಿ ಬಿಚ್ಚಿಸಿ ಕೆಳಗೆ ನೋಡು. ಚರ್ಮದ ಒರೆಯಲ್ಲೇ ವರ್ಷಗಟ್ಟಲೆ ಇಟ್ಟಿದ್ದರಂತೂ ಅನುಮಾನದಿಂದಲೇ ನೋಡು, ಚರ್ಮ ತೇವ ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ. ನೀನೂ ಮನೆಯಲ್ಲಿ ಒರೆಯಿಂದ ತೆಗೆದು, ತೆಳ್ಳಗೆ ಎಣ್ಣೆ ಸವರಿಯೇ ಇಡು.

• ಬೆಲೆ ಹೆಚ್ಚೆನಿಸಿದರೆ ಹೊಸದರ ಬೆಲೆ ಕೇಳು. 2014ರಲ್ಲಿ ಹೆಂಗಸರಿಗೆಂದು ಕಾನ್ಪುರದಿಂದ ಬಂದ, ಅರ್ಧ ಕೆ.ಜಿ. ತೂಗುವ ‘ನಿರ್ಭೀಕ್’ಗೇ ಆಗ 1,22,360 ರೂಪಾಯಿ ಇತ್ತು.

• ಮಾರುವವರ ಹಳೆ ತೋಟಾಗಳನ್ನು ಜೊತೆಗೆ ತರಬೇಡ. ನಿನ್ನ ಲೈಸೆನ್ಸಿನಲ್ಲಿ ಬರೆಸಿ ಅಂಗಡಿಯಿಂದ ಕೊಂಡದ್ದಷ್ಟೇ ನಿನ್ನದು.

• ಹೊರಗೆ ಒಯ್ಯುವಾಗ 2016ರ ಆಯುಧ ನಿಯಮಗಳಂತೆ ಒರೆಯಲ್ಲಿ, ಪೂರ್ತಿ ಮುಚ್ಚಿ, ನಿನ್ನ ಹಿಡಿತದಲ್ಲೇ ಇರಬೇಕು. ಟ್ರಿಗರ್ ಮುಚ್ಚುವ ಗಟ್ಟಿ ಒರೆ ಕೊಳ್ಳು. ಪ್ಯಾಂಟಿನ ಜೇಬಿನಲ್ಲಿ ಕೀಲಿಗೊಂಚಲಿನ ಜೊತೆ ಹಾಕಬೇಡ, ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಚಹಾಕ್ಕೆ ಹೋಗಬೇಡ. ಗೆಳೆಯರಿಗೆ ತೋರಿಸಿದ ದಿನವೇ ಊರಿಗೆಲ್ಲ ಗೊತ್ತಾಗಿ, ಕಳ್ಳನಿಗೆ ನಿನ್ನ ಮನೆಯಲ್ಲಿ ಕದಿಯಲು ಹೊಸದೊಂದು ಸಿಗುತ್ತದೆ. ಮದುವೆಯಲ್ಲಿ, ಜಾತ್ರೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಎರಡು ಗುಟುಕು ಕುಡಿಯುವ ಕೂಟವಿದ್ದರೆ ರಿವಾಲ್ವರನ್ನು ಮನೆಯಲ್ಲೇ ಬೀಗ ಹಾಕಿ ಹೋಗು. ಗೋವಾಕ್ಕೋ ಕೇರಳಕ್ಕೋ ಹೊರಟರೆ ಲೈಸೆನ್ಸ್ ಎಲ್ಲಿಯವರೆಗೆ ಊರ್ಜಿತ ಎಂದು ಓದಿಕೊಂಡು ಹೊರಡು.

• ಆತ್ಮರಕ್ಷಣೆಯ ಹಕ್ಕಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಡಿಯಿದೆ. ರಕ್ಷಿಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬೇಲಿ ಜಗಳಕ್ಕೆ, ಓಡಿಹೋಗುತ್ತಿರುವ ಅಡಿಕೆ ಕಳ್ಳನ ಬೆನ್ನಿಗೆ ರಿವಾಲ್ವರ್ ಹೊರಗೆ ಬರಬಾರದು. ದುಡ್ಡಿನ ಚೀಲ ಕೊಟ್ಟು ಜೀವ ಉಳಿಯುವುದಾದರೆ ಚೀಲ ಕೊಟ್ಟುಬಿಡು.

• ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಮಕ್ಕಳಿದ್ದಾರೆ. ರಿವಾಲ್ವರ್ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ, ಕೀಲಿ ನಿನ್ನ ಮೈಮೇಲೆ. ಅಟ್ಟದ ಮೇಲೆ, ದಿಂಬಿನ ಕೆಳಗೆ ಎಂಬುದೆಲ್ಲ ಬಚ್ಚಿಟ್ಟ ಹಾಗಲ್ಲ, ಮಕ್ಕಳು ಹುಡುಕುವುದೇ ಅಲ್ಲಿ. ಇನ್ನು ಎಲೆಚುಕ್ಕಿ ರೋಗ ಬಂದು ತೋಟ ಹೋಗುತ್ತದೆ, ಸಾಲ ಏರುತ್ತದೆ, ಮನಸ್ಸು ಕುಸಿಯುತ್ತದೆ. ನಿನಗಾಗಲಿ ಮನೆಯ ಯಾರಿಗಾಗಲಿ ಅಂಥ ಕಾಲ ಬಂತು ಅನ್ನಿಸಿದ ದಿನವೇ ರಿವಾಲ್ವರನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ಅಂಗಡಿಯಲ್ಲೋ ಇಟ್ಟು ರಸೀದಿ ತಗೊ. ಕಾರಣ ಹೇಳಲು ನಾಚಬೇಡ. ನನಗೆ ಫೋನ್ ಮಾಡು, ಸರಿರಾತ್ರಿಯಾದರೂ ಸರಿ, ನಾನೇ ಬಂದು ನಿನ್ನ ಜೊತೆ ಠಾಣೆಗೆ ಬರುತ್ತೇನೆ.

• ಚುನಾವಣೆ ಬಂದಾಗ ಆಯುಧವನ್ನು ಠೇವಣಿ ಇಡಲು ಹೇಳುತ್ತಾರೆ. ವಿನಾಯಿತಿ ಬೇಕಿದ್ದರೆ ಪರಿಶೀಲನಾ ಸಮಿತಿಗೆ ಕಾರಣ ಬರೆದು ಅರ್ಜಿ ಕೊಡು, ಸಿಗದಿದ್ದರೆ ಹೇಳಿದ ದಿನದೊಳಗೆ ಇಡು. ಇಡುವಾಗ ನಂಬರ್ ಮತ್ತು ಸ್ಥಿತಿಯನ್ನು ರಸೀದಿಯಲ್ಲಿ ಬರೆಸಿಕೋ.

• ಲೈಸೆನ್ಸಿನ ಅವಧಿ ಈಗ 5 ವರ್ಷ. ಮುಗಿಯುವ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡು, ಮನೆಯವಳಿಗೂ ಹೇಳಿರು. ಆ ಭದ್ರಾವತಿಯ ಹಿರಿಯರನ್ನೂ ಒಂದು ಮಾತು ಕೇಳು: 70 ದಾಟಿದವರು, ಇಲ್ಲವೇ 25 ವರ್ಷ ಆಯುಧ ಇಟ್ಟುಕೊಂಡವರು ತಮ್ಮ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಲು ನಿಯಮದಲ್ಲಿ ದಾರಿಯಿದೆ. ಅವರ ಮಗನೋ ಮಗಳೋ ಅದನ್ನು ಬಯಸಿದ್ದರೆ, ವ್ಯವಹಾರ ಅಲ್ಲಿಗೇ ಬಿಟ್ಟು ಬಾ.