ತೋಟದ ಒಡೆತನ, ವ್ಯಾಪಾರದ ಒಡೆತನ

(ಸದಸ್ಯ ಶಿಕ್ಷಣ ಪಾಠ)



ಆರ್ಥಿಕ ಸ್ವಾತಂತ್ರ್ಯ ಎಂಬ ಮಾತನ್ನು ನಾವೆಲ್ಲರೂ ಸಭೆ ಸಮಾರಂಭಗಳಲ್ಲಿ ಕೇಳುತ್ತಿರುತ್ತೇವೆ. ಹಾಗೆಂದರೆ ಏನೆಂದು ವಿಚಾರಿಸಿದರೆ ಒಬ್ಬರು ಕೈತುಂಬ ಹಣವೆನ್ನುತ್ತಾರೆ, ಇನ್ನೊಬ್ಬರು ಸಾಲವಿಲ್ಲದ ಬದುಕೆನ್ನುತ್ತಾರೆ. ಸಣ್ಣ ಬೆಳೆಗಾರನ ಮಟ್ಟಿಗೆ ಇದಕ್ಕೊಂದು ಸುಲಭದ ಅಳತೆಗೋಲು ಇದೆ. ಅಂಗಡಿಯ ಮೆಟ್ಟಿಲಲ್ಲಿ ನಿಂತು ದರ ವಿಚಾರಿಸಿ, ಅದು ಸರಿಕಾಣದಿದ್ದರೆ "ಇವತ್ತು ಕೊಡುವುದಿಲ್ಲ" ಎಂದು ಹೇಳಿ ಅಡಿಕೆಯ ಗೋಣಿಯನ್ನು ಮನೆಗೆ ಹಿಂದೆ ತರುವ ಶಕ್ತಿ ನಮಗಿದೆಯೇ? ಇದ್ದರೆ ನಾವು ಸ್ವತಂತ್ರರು. ಇಲ್ಲದಿದ್ದರೆ ಪಹಣಿಯಲ್ಲಿ ಹೆಸರಿದ್ದರೂ ನಾವು ಬೇರೆಯವರ ವ್ಯಾಪಾರಕ್ಕೆ ಮಾಲು ಒದಗಿಸುವವರು ಮಾತ್ರ. ಈ ಶಕ್ತಿಯನ್ನು ಸಂಪಾದಿಸುವ ಬಗೆ ಹೇಗೆಂಬುದೇ ಈ ಪಾಠದ ವಿಷಯ.

1. ಕಾನೂನು ಕೊಟ್ಟದ್ದು, ಕಾನೂನು ಕೊಡದದ್ದು

ಉಡುಪಿ, ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆತನಗಳು ಒಂದು ಕಾಲದಲ್ಲಿ ಚಾಲಗೇಣಿಯ ಒಕ್ಕಲುಗಳಾಗಿದ್ದವು. ದುಡಿಮೆ ಒಕ್ಕಲಿನದು, ಗೇಣಿ ಧಣಿಯದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾನೂನು ಈ ಸ್ಥಿತಿಯನ್ನು ಬದಲಾಯಿಸಿತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಆ ದಿನಗಳಲ್ಲಿ ನಮ್ಮ ಹಿರಿಯರು ಡಿಕ್ಲರೇಶನ್ ಅರ್ಜಿ ಹಿಡಿದುಕೊಂಡು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಗೇಣಿದಾರರಾಗಿದ್ದವರು ಭೂಮಿಯ ಒಡೆಯರಾದರು.

ಇದು ದೊಡ್ಡ ಬದಲಾವಣೆ. ಆದರೆ ಕಾನೂನು ಕೊಟ್ಟದ್ದು ನೆಲವನ್ನು. ತಕ್ಕಡಿಯನ್ನು, ಗೋದಾಮನ್ನು, ದರ ನಿಶ್ಚಯಿಸುವ ಹಕ್ಕನ್ನು ಅದು ಕೊಡಲಿಲ್ಲ, ಕೊಡುವುದು ಸಾಧ್ಯವೂ ಇರಲಿಲ್ಲ. ಅಡಿಕೆ ಕೊಯ್ಯುವ ಮೊದಲೇ ವ್ಯಾಪಾರಿಯಿಂದ ಮುಂಗಡ ತಂದವನು, ಬೆಳೆ ಕೈಗೆ ಬಂದಾಗ ಅವರು ಹೇಳಿದ ದರಕ್ಕೆ ಒಪ್ಪಲೇಬೇಕು. ಹಿಂದೆ ಗೇಣಿಯೆಂದು ಹೋಗುತ್ತಿದ್ದ ಪಾಲು ಈಗ ದರದ ವ್ಯತ್ಯಾಸದಲ್ಲಿ ಹೋಗುತ್ತದೆ. ಗೇಣಿಚೀಟಿ ಕಣ್ಣಿಗೆ ಕಾಣುತ್ತಿತ್ತು. ಇದು ಕಾಣುವುದಿಲ್ಲ, ಅಷ್ಟೇ.

2. ಕಾಣದ್ದನ್ನು ಕಾಣಿಸುವುದು ಲೆಕ್ಕ

ನಮ್ಮಲ್ಲಿ ಹೆಚ್ಚಿನವರು ಮಾರಿ ಬಂದ ಹಣದಿಂದ ಗೊಬ್ಬರ, ಮದ್ದು, ಕೂಲಿಗಳ ಖರ್ಚನ್ನು ಕಳೆದು ಉಳಿದದ್ದನ್ನೆಲ್ಲ ಲಾಭವೆನ್ನುತ್ತಾರೆ. ಇದು ಸರಿಯೇ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು. ಸದಸ್ಯರು ತಮ್ಮ ತೋಟದ ಅಂಕಿಗಳನ್ನು ಹಾಕಿ ನೋಡಬೇಕು.

ಒಂದು ಮನೆಯಲ್ಲಿ ವರ್ಷಕ್ಕೆ 10 ಕ್ವಿಂಟಾಲ್ ಚಾಲಿ ಅಡಿಕೆ ಆಗುತ್ತದೆ ಎನ್ನೋಣ. ಕಿಲೋಗೆ 400 ರೂಪಾಯಿಯಂತೆ ಮಾರಿದರೆ 4,00,000 ರೂಪಾಯಿ. ಗೊಬ್ಬರ, ಬೋರ್ಡೋ ಸಿಂಪರಣೆ, ಕೊಯ್ಲು, ಸುಲಿ ಮುಂತಾದ ಕೈಖರ್ಚು 1,80,000. ಉಳಿದದ್ದು 2,20,000. ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ಮನಸ್ಸಿಗೆ ಸಂತೋಷವಾಗುತ್ತದೆ.

ಆದರೆ ಗಂಡ ಹೆಂಡತಿ ಇಬ್ಬರೂ ತಲಾ 120 ದಿನ ತೋಟದಲ್ಲಿ ದುಡಿದಿದ್ದಾರೆ. ದಿನಕ್ಕೆ 500 ರೂಪಾಯಿಯಂತೆ ಹಿಡಿದರೂ ಅವರ ಕೂಲಿ 1,20,000 ಆಯಿತು. ಪಂಪು, ಪೈಪು, ಅಂಗಳ, ಸಿಂಪರಣಾ ಯಂತ್ರಗಳ ಸವಕಳಿ ಮತ್ತು ಸಾಲದ ಬಡ್ಡಿ ಸೇರಿ 40,000. ಇವನ್ನೂ ಕಳೆದರೆ ಉಳಿಯುವುದು 60,000. ತೋಟದ ಒಡೆಯನೆಂಬ ನೆಲೆಯಲ್ಲಿ ಆ ಮನೆಗೆ ದಕ್ಕಿದ ಆದಾಯ ಇಷ್ಟೇ. 1,000 ಕಿಲೋ ಅಡಿಕೆಗೆ 60,000 ಎಂದರೆ ಕಿಲೋಗೆ 60 ರೂಪಾಯಿ.

ಈಗ ಯೋಚಿಸಿ. ಅವಸರಕ್ಕೆ ಸಿಕ್ಕಿ ಇದೇ ಮನೆಯವರು ಕಿಲೋಗೆ 60 ರೂಪಾಯಿ ಕಡಮೆಗೆ ಮಾರಿದರೆ ಏನಾಯಿತು? ಒಡೆತನದ ಆದಾಯ ಪೂರ್ತಿ ಹೋಯಿತು. ವರ್ಷವಿಡೀ ಅವರು ಸ್ವಂತ ತೋಟದಲ್ಲಿ ಕೂಲಿಯಾಳುಗಳಾಗಿ ದುಡಿದಂತಾಯಿತು. ದರದಲ್ಲಿ ಸಣ್ಣದಾಗಿ ಕಾಣುವ ಇಳಿತವು ಒಡೆಯನ ಪಾಲನ್ನೇ ಮೊದಲು ತಿನ್ನುತ್ತದೆ. ಆದುದರಿಂದ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇರಲಿ, ಅದರಲ್ಲಿ ಮನೆಯವರ ದುಡಿಮೆಯೂ ಬರೆದಿರಲಿ.

3. ಎರಡಾಣೆಯ ಪಾಠ

ಅವಸರದ ಮಾರಾಟಕ್ಕೆ ಮೂಲ ಕಾರಣ ಕೈಯಲ್ಲಿ ಹಣವಿಲ್ಲದಿರುವುದು. ಜೂನ್ ತಿಂಗಳು ಬಂತೆಂದರೆ ಮಕ್ಕಳ ಶುಲ್ಕ, ಪುಸ್ತಕ, ಮೈಲುತುತ್ತು, ಮನೆಯ ಮಾಡಿನ ರಿಪೇರಿ ಎಲ್ಲವೂ ಒಟ್ಟಿಗೆ ಬರುತ್ತವೆ. ಆಗ ಕಣ್ಣು ಹೋಗುವುದು ಅಟ್ಟದ ಮೇಲಿನ ಅಡಿಕೆಯ ಮೇಲೆ.

ಈ ಕಷ್ಟಕ್ಕೆ ಪರಿಹಾರ ಹುಡುಕಿದವರು ನಮ್ಮ ಊರಿನವರೇ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದರು. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಸೇರಿ 8,000 ರೂಪಾಯಿ ಬಂಡವಾಳದಿಂದ ಇನ್ನೊಂದು ಬ್ಯಾಂಕನ್ನು ಕಟ್ಟಿದರು. ಕಷ್ಟಕ್ಕೆ ಬಿದ್ದಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಚೀಟಿ ಕೊಡುತ್ತಿದ್ದನು. ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾದದ್ದು ಇದೇ.

ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ ಆಗುತ್ತದೆ. ಅಂದಿನ ನೇಕಾರನಿಗೆ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಅದು ಬಂಡವಾಳವೇ ಸರಿ. 2020ರ ಏಪ್ರಿಲ್ 1ರಂದು ಈ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋದರೂ ಪಾಠ ಹೋಗಿಲ್ಲ. ಇಂದು ದಿನಕ್ಕೆ 100 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 36,500 ಆಗುತ್ತದೆ. ಅಷ್ಟು ಕೈಯಲ್ಲಿದ್ದರೆ ಜೂನ್ ತಿಂಗಳ ಖರ್ಚಿಗೆಂದು ಅಡಿಕೆಯನ್ನು ಅಟ್ಟದಿಂದ ಇಳಿಸುವ ಅಗತ್ಯ ಬೀಳಲಾರದು. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತನ್ನು ಮಕ್ಕಳಿಗೆ ಹೇಳಿದರೆ ಸಾಲದು, ನಾವೂ ಪಾಲಿಸಬೇಕು.

4. ಕಾಯಬಲ್ಲ ಮಾಲು, ಕಾಯಲಾರದ ಮಾಲು

ಅಡಿಕೆಗೆ ಒಂದು ಒಳ್ಳೆಯ ಗುಣವಿದೆ. ಅದು ಕಾಯಬಲ್ಲದು. 40-45 ದಿನ ಚೆನ್ನಾಗಿ ಬಿಸಿಲು ಕಂಡು ಒಣಗಿದ ಅಡಿಕೆ ವರ್ಷ ಕಳೆದರೆ ಹಳತೆನಿಸಿ ಸಾಮಾನ್ಯವಾಗಿ ಹೊಸತಕ್ಕಿಂತ ಹೆಚ್ಚಿನ ದರ ಪಡೆಯುತ್ತದೆ. ಆದರೆ ಅರೆಒಣಗಿದ ಅಡಿಕೆಯನ್ನು ಗೋಣಿಗೆ ತುಂಬಿದರೆ ಬೂಸಲು ಹಿಡಿದು ಕರಿಗೋಟಿನ ಬೆಲೆಗೆ ಹೋಗುತ್ತದೆ. ಪಟೋರ, ಉಳ್ಳಿ, ಕರಿಗೋಟುಗಳನ್ನು ಮನೆಯಲ್ಲಿಯೇ ಬೇರ್ಪಡಿಸಿದರೆ ಒಳ್ಳೆಯ ಅಡಿಕೆಯ ದರ ಕೆಡುವುದಿಲ್ಲ. ಹಣದ ಅಗತ್ಯ ಬಿದ್ದಾಗಲೂ ಮಾರುವುದೊಂದೇ ದಾರಿಯಲ್ಲ. ಸಂಘದ ಗೋದಾಮಿನಲ್ಲಿ ಮಾಲಿಟ್ಟು ಈಡಿನ ಸಾಲ ಪಡೆಯಬಹುದು. ಬಡ್ಡಿಯನ್ನೂ ದರ ಏರುವ ಸಂಭವವನ್ನೂ ತೂಗಿ ನೋಡಿ ನಿರ್ಧರಿಸಬೇಕು. ದರ ಇಳಿಯಲೂಬಹುದು ಎಂಬುದನ್ನು ಮರೆಯಬಾರದು. ಆದುದರಿಂದ ಎಲ್ಲವನ್ನೂ ಒಂದೇ ದಿನ ಮಾರಬಾರದು, ಎಲ್ಲವನ್ನೂ ಹಿಡಿದಿಡಲೂಬಾರದು. ಮೂರು ನಾಲ್ಕು ಕಂತುಗಳಲ್ಲಿ ಮಾರುವುದು ಜಾಣತನ.

ಕಾಪು ಕಡೆಯ ಶಂಕರಪುರದ ಮಲ್ಲಿಗೆ ಇದಕ್ಕೆ ತೀರ ವಿರುದ್ಧ. ಬೆಳಿಗ್ಗೆ ಕೊಯ್ದ ಮೊಗ್ಗು ಅಂದೇ ಮಾರಾಟವಾಗಬೇಕು. ಅಲ್ಲಿ "ಇವತ್ತು ಕೊಡುವುದಿಲ್ಲ" ಎನ್ನುವಂತಿಲ್ಲ. ಆದರೂ ಮನೆಯಂಗಳದ ಕೆಲವು ಗಿಡಗಳಿಂದ ಹೂ ಕೊಯ್ದು ಕಟ್ಟಿ ಎಷ್ಟೋ ಹೆಂಗಸರು ಸಂಸಾರ ನಡೆಸಿದ್ದಾರೆ. ಇದಕ್ಕೊಂದು ಕಾರಣ ಅಲ್ಲಿಯ ವ್ಯಾಪಾರದ ವ್ಯವಸ್ಥೆ. ಹೂವಿಗೆ ಚೆಂಡು, ಅಟ್ಟೆ ಎಂಬ ನಿಶ್ಚಿತ ಅಳತೆಯಿದೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಲ್ಲಿಗೆ ಕಟ್ಟೆಯಲ್ಲಿ ದಿನದ ದರ ನಿಗದಿಯಾಗುತ್ತದೆ, ಅದು ಊರಿಗೆಲ್ಲ ತಿಳಿಯುತ್ತದೆ. ಒಂದು ಅಟ್ಟೆ ಮಾರುವವಳಿಗೂ ಹತ್ತು ಅಟ್ಟೆ ಮಾರುವವಳಿಗೂ ದರ ಗೊತ್ತಿರುತ್ತದೆ. ಮಾಲು ಕಾಯಲಾರದಿದ್ದಾಗ ಎಲ್ಲರಿಗೂ ತಿಳಿದ ಅಳತೆ, ಎಲ್ಲರಿಗೂ ತಿಳಿದ ದರ ಇವೆರಡೇ ಬೆಳೆಗಾರನಿಗೆ ಆಸರೆ.

5. ಒಬ್ಬರಿಂದ ಆಗದ ಕೆಲಸ

ಲೆಕ್ಕ, ಉಳಿತಾಯ, ದಾಸ್ತಾನು ಇವು ಮನೆಯೊಳಗೆ ಆಗುವ ಕೆಲಸ. ಆದರೆ ಮಾರುಕಟ್ಟೆಯೇ ಕುಸಿದು ಬಿದ್ದಾಗ ಒಬ್ಬೊಬ್ಬರೇ ಏನೂ ಮಾಡಲಾರರು.

1970ರ ದಶಕದ ಆರಂಭದಲ್ಲಿ ಅಡಿಕೆಯ ದರ ಹೀಗೆಯೇ ಕುಸಿಯಿತು. ಆಗ ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಕೂಡಿ 1973ರ ಜುಲೈ 11ರಂದು ಕ್ಯಾಂಪ್ಕೊ ಸಂಸ್ಥೆಯನ್ನು ಸ್ಥಾಪಿಸಿದರು. ಬೆಳೆಗಾರರದೇ ಆದ ಖರೀದಿದಾರ ಮಾರುಕಟ್ಟೆಗೆ ಇಳಿದ ಮೇಲೆ ಉಳಿದವರೂ ಆ ದರವನ್ನು ನೋಡಿ ತಮ್ಮ ದರ ಹೇಳಬೇಕಾಯಿತು. ಮುಂದೆ ಕೊಕ್ಕೊದ ಸರದಿ. ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿರೆಂದು ಪ್ರೋತ್ಸಾಹ ದೊರೆತಿತ್ತು. 1980ರ ಸುಮಾರಿಗೆ ಲೋಕದ ಮಾರುಕಟ್ಟೆಯಲ್ಲಿ ದರ ಬಿದ್ದಾಗ ಕೊಳ್ಳುವವರೇ ಇಲ್ಲವಾದರು. ಕ್ಯಾಂಪ್ಕೊ ಆ ಕೊಕ್ಕೊವನ್ನು ಕೊಂಡಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹಸಿಬೀಜ ಮಾರುತ್ತಿದ್ದವರು ಕಾರ್ಖಾನೆಯ ಪಾಲುದಾರರಾದರು.

ಘಟ್ಟದ ಮೇಲಿನ ನಮ್ಮ ಕಾಫಿ ಸದಸ್ಯರ ಅನುಭವವೂ ಇದನ್ನೇ ಹೇಳುತ್ತದೆ. ಹಲವು ದಶಕಗಳ ಕಾಲ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಗಿಯಿತು. ಇಷ್ಟವಿದ್ದವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಆದರೆ 2000ದಿಂದ 2002ರವರೆಗೆ ಲೋಕದಾದ್ಯಂತ ಕಾಫಿಯ ದರ ಪಾತಾಳಕ್ಕಿಳಿದಾಗ ಸಾಲ ಮಾಡಿ ತೋಟ ನಡೆಸುತ್ತಿದ್ದವರು ಬಹಳ ಕಷ್ಟಕ್ಕೆ ಸಿಕ್ಕಿದರು. ಮಾರುವ ಸ್ವಾತಂತ್ರ್ಯ ಮಾತ್ರ ಇದ್ದು, ಮಾರದೆ ಕಾಯುವ ಶಕ್ತಿ ಇಲ್ಲದಿದ್ದರೆ ಅದು ಅರ್ಧ ಸ್ವಾತಂತ್ರ್ಯ.

ಹಾಗಾದರೆ ಸ್ವಂತ ಉದ್ಯಮ ಬೇಡವೇ ಎಂದು ಯುವ ಸದಸ್ಯರು ಕೇಳಬಹುದು. ಖಂಡಿತ ಬೇಕು. ಕಾರ್ಕಳ ಸೀಮೆಯ ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಕೆಲಸಕ್ಕೆಂದು ಹೋಗಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಕೆಲಸ ಮೊದಲು, ಒಡೆತನ ಅನಂತರ ಎಂಬ ಅವರ ಕ್ರಮವನ್ನು ಗಮನಿಸಬೇಕು. ಹಾಳೆತಟ್ಟೆ ಮಾಡುವುದಿರಲಿ, ಕಾಫಿಪುಡಿ ಮಾಡುವುದಿರಲಿ, ಮೊದಲು ಆ ಕೆಲಸ ನಡೆಯುವಲ್ಲಿ ಆರು ತಿಂಗಳು ದುಡಿದು ಕಲಿಯಿರಿ. ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಯಂತ್ರ ತನ್ನಿ. ಮನೆ ನಡೆಸುವ ತೋಟವನ್ನು ಮಾತ್ರ ಹೊಸ ಉದ್ಯಮಕ್ಕೆ ಅಡವಿಡಬೇಡಿ.

6. ಒಡೆಯನ ಹೊಣೆ

ಸಂಘದಲ್ಲಿ ನೂರು ಪಾಲು ಇದ್ದವರಿಗೂ ಒಂದು ಪಾಲು ಇದ್ದವರಿಗೂ ಒಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಮಂದಿ ಸಣ್ಣದೊಂದು ಅಂಗಡಿ ತೆರೆದಾಗಿನಿಂದ ಸಹಕಾರದ ಮೂಲತತ್ವ ಇದೇ. ಆದರೆ ಮತ ಹಾಕುವುದರೊಂದಿಗೆ ಒಡೆತನ ಮುಗಿಯುವುದಿಲ್ಲ. ಹೊರಗಿನವರು ಒಂದು ದಿನ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೆಂದು ಒಳ್ಳೆಯ ಅಡಿಕೆಯನ್ನು ಅಲ್ಲಿಗೆ ಕೊಟ್ಟು, ಪಟೋರವನ್ನು ಸಂಘಕ್ಕೆ ತರುವ ಪರಿಪಾಠ ಕೆಲವೆಡೆ ಇದೆ. ಎಲ್ಲರೂ ಹೀಗೆ ಮಾಡಿದರೆ ಸಂಘ ಬಾಗಿಲು ಮುಚ್ಚುತ್ತದೆ. ಮರುದಿನ ಆ ಎರಡು ರೂಪಾಯಿ ಹೆಚ್ಚು ಕೊಡುವವರೂ ಇರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಂಥ ಅಡಿಕೆ ಬೆಳೆಗಾರರಿಗೆ ಎರಡು ಪಟ್ಟು ಸಲ್ಲುತ್ತದೆ.

ಹಾಗೆಯೇ ಸಂಘದ ಲೆಕ್ಕವನ್ನು ಕೇಳುವುದೂ ಒಡೆಯನ ಹೊಣೆ. ಮಹಾಸಭೆಗೆ ಬಂದು ಊಟ ಮಾಡಿ ಹೋಗುವುದಲ್ಲ. ವರದಿಯನ್ನು ಓದಿ, ತೂಕದ ನಷ್ಟವೆಷ್ಟು, ಸುಸ್ತಿಸಾಲವೆಷ್ಟು, ಗೋದಾಮಿನ ವಿಮೆ ಕಟ್ಟಲಾಗಿದೆಯೇ ಎಂದು ಕೇಳಬೇಕು. ಕೇಳುವ ಸದಸ್ಯರಿದ್ದಲ್ಲಿ ಆಡಳಿತ ಮಂಡಳಿಯೂ ಎಚ್ಚರದಿಂದಿರುತ್ತದೆ.

ನೆಲದ ಒಡೆತನ ನಮ್ಮ ಹಿರಿಯರ ಕಾಲಕ್ಕೆ ಬಂತು. ವ್ಯಾಪಾರದ ಒಡೆತನವನ್ನು ಮುಂದಿನವರಿಗೆ ಬಿಟ್ಟುಹೋಗುವುದು ನಮ್ಮ ಕೈಯಲ್ಲಿದೆ.

ಗುಂಪು ಚರ್ಚೆಗೆ ಪ್ರಶ್ನೆಗಳು

1. ಮನೆಯವರ ದುಡಿಮೆ, ಸವಕಳಿ, ಬಡ್ಡಿಗಳನ್ನು ಸೇರಿಸಿದರೆ ಕಳೆದ ವರ್ಷ ನಮ್ಮ ತೋಟದಲ್ಲಿ ಒಡೆತನದ ಆದಾಯ ಎಷ್ಟು ಉಳಿಯಿತು?

2. ಕಳೆದ ವರ್ಷ ಅವಸರದಿಂದ ಮಾರಿದ್ದು ಎಷ್ಟು ಕಿಲೋ? ಯಾವ ಖರ್ಚಿಗಾಗಿ? ಆ ಖರ್ಚಿಗೆ ಮೊದಲೇ ಉಳಿತಾಯ ಮಾಡಬಹುದಿತ್ತೇ?

3. ನಮ್ಮ ಸಂಘದಲ್ಲಿ ಈಡಿನ ಸಾಲದ ಬಡ್ಡಿ ಎಷ್ಟು? ಎಷ್ಟು ತಿಂಗಳು ಕಾಯುವುದು ಲಾಭಕರ?

4. ನಮ್ಮ ಊರಿನಲ್ಲಿ ಕಾಯಲಾರದ ಮಾಲು ಯಾವುದು? ಅದಕ್ಕೆ ಮಲ್ಲಿಗೆ ಕಟ್ಟೆಯಂಥ ವ್ಯವಸ್ಥೆ ಸಾಧ್ಯವೇ?