ಫೋನ್ ಹಚ್ಚುವವರ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರದ ಅಂಗಡಿ, ಶಾಲೆಗಳ ವೆಬ್‌ಸೈಟಿಗೆ ಗೂಗಲ್ ಟ್ಯಾಗ್ ಮ್ಯಾನೇಜರ್ ಕೂಡಿಸಿಕೊಡುವುದು ನನ್ನ ಕೆಲಸ. ಎಡವಿ ಕಲಿತದ್ದು ಇಷ್ಟು.

1. ಮೊದಲು ಅಂಗಡಿಯಲ್ಲಿ ಕೂತು ನೋಡಿ. ಶಹಾಪುರದ ಒಂದು ಬೀಜ-ಗೊಬ್ಬರದ ಅಂಗಡಿಗೆ ನಾನು ಎಣಿಸಲು ಹೊರಟದ್ದು ವೆಬ್‌ಸೈಟಿನ ಫಾರಂ ತುಂಬಿದವರನ್ನು. ತಿಂಗಳು ಕಳೆದರೂ ಸೊನ್ನೆ. "ಸರ, ಫಾರಂ ಯಾರ್ ತುಂಬ್ತಾರ್ರಿ? ಸೀದಾ ಫೋನ್ ಹಚ್ತಾರ್ರಿ" ಅಂದರು ಮಾಲೀಕರು. ಅರ್ಧ ದಿನ ಗಲ್ಲಾ ಪಕ್ಕ ಕೂತೆ. ಹತ್ತಿ ಬೀಜ ಬಂತೇನು, ತೊಗರಿ ಬೀಜ ಹೆಂಗ್ ಕೊಟ್ರಿ ಅಂತ ಕರೆ ಮೇಲೆ ಕರೆ. ಎಣಿಸಬೇಕಾದದ್ದು ಅದೇ ಆಗಿತ್ತು.

2. ಗುಂಡಿಯ ಮೇಲಿನ ಬರಹಕ್ಕೆ ಟ್ರಿಗರ್ ಕಟ್ಟಬೇಡಿ. 'ಕರೆ ಮಾಡಿ' ಎಂಬ ಕ್ಲಿಕ್ ಟೆಕ್ಸ್ಟ್ ನಂಬಿದ್ದೆ. ಪುಟ ನೋಡಿಕೊಳ್ಳುವ ಹುಡುಗ ಅದನ್ನು 'ಫೋನ್ ಮಾಡಿ' ಎಂದು ತಿದ್ದಿದ, ಎಣಿಕೆ ಅಂದೇ ನಿಂತಿತು. ಈಗ 'ಜಸ್ಟ್ ಲಿಂಕ್ಸ್' ಟ್ರಿಗರ್ ಹಾಕಿ, ಕ್ಲಿಕ್ ಯುಆರ್‌ಎಲ್ 'ಟೆಲ್:' ಎಂದು ಶುರುವಾಗಬೇಕು ಎಂಬ ಷರತ್ತು ಕೊಡುತ್ತೇನೆ. ಕ್ಲಿಕ್ ಯುಆರ್‌ಎಲ್ ಎಂಬ ವೇರಿಯಬಲ್ ಅನ್ನು ನಾವೇ ಟಿಕ್ ಮಾಡಿ ಚಾಲೂ ಮಾಡಬೇಕು. ಪ್ರಿವ್ಯೂ ತೆರೆದು, ಗುಂಡಿ ಒತ್ತಿ, 'ಟ್ಯಾಗ್ಸ್ ಫೈರ್ಡ್' ಅಡಿಯಲ್ಲಿ ಹೆಸರು ಕಂಡ ಮೇಲೆಯೇ ಪಬ್ಲಿಷ್. ಇನ್ನೊಂದು ಮಾತು: ಇದು ಗುಂಡಿ ಒತ್ತಿದವರ ಲೆಕ್ಕ, ಮಾತಾಡಿದವರದ್ದಲ್ಲ. ಮಾಲೀಕರಿಗೆ ಮೊದಲೇ ಬಿಡಿಸಿ ಹೇಳಿ.

3. ಹಳೆ ಕೋಡ್ ಹುಡುಕಿ. ಒಂದು ಶಾಲೆಯ ಪುಟದಲ್ಲಿ ಗೂಗಲ್ ಅನಾಲಿಟಿಕ್ಸ್ 4ರ (ಜಿಎ4) ಕೋಡ್ ಮೊದಲೇ ಇತ್ತು. ನಾನು ನೋಡದೆ ಟ್ಯಾಗ್ ಮ್ಯಾನೇಜರಿನಲ್ಲೂ ಅದನ್ನೇ ಹಾಕಿದೆ. ತೆರೆದ ಪುಟವೆಲ್ಲ ಎರಡೆರಡು ಸಲ ಲೆಕ್ಕಕ್ಕೆ ಬಂತು. ಪ್ರವೇಶದ ದಿನಗಳು, ಆ ಸಂಖ್ಯೆ ನೋಡಿ ಅವರು ಹಿಗ್ಗಿದ್ದರು. ಹೋಗಿ ತಪ್ಪು ಒಪ್ಪಿಕೊಂಡೆ. 'ಯುಎ' ಎಂದು ಶುರುವಾಗುವ ಸಂಖ್ಯೆ ಕಂಡರೆ ಅದನ್ನೂ ಕಿತ್ತುಹಾಕಿ. ಆ ಹಳೆಯ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ.

4. ಊರಿನ ಹೆಸರಿಗೆ ಒಂದೇ ಕಾಗುಣಿತ. ಸುರಪುರ ಇಂಗ್ಲಿಷ್ ದಾಖಲೆಗಳಲ್ಲಿ ಶೋರಾಪುರವೂ ಹೌದು. ಯಾದಗಿರಿ ಕೆಲವೆಡೆ ಯಾದಗೀರ. ಟ್ಯಾಗಿನಲ್ಲಿ ಅಂಗಡಿ ಶಾಖೆಯ ಹೆಸರು ಎರಡು ಬಗೆಯಲ್ಲಿ ಹೋದರೆ ವರದಿಯಲ್ಲಿ ಎರಡು ಊರಾಗುತ್ತವೆ.

5. ಡೇಟಾ ರಿಟೆನ್ಷನ್ ಮೊದಲ ದಿನವೇ ಬದಲಿಸಿ. ಜಿಎ4ರಲ್ಲಿ ಅದು 2 ತಿಂಗಳಿಗೆ ನಿಂತಿರುತ್ತದೆ, 14ಕ್ಕೆ ಏರಿಸಬಹುದು. ನಮ್ಮ ಕಡೆ ಹತ್ತಿ, ತೊಗರಿ ಬಿತ್ತನೆ ಮುಂಗಾರಿಗೆ. ಎಕ್ಸ್‌ಪ್ಲೊರೇಷನ್‌ನಲ್ಲಿ ಹೋದ ಮುಂಗಾರಿನ ಪಕ್ಕ ಈ ಮುಂಗಾರು ಇಟ್ಟು ನೋಡಲು 2 ತಿಂಗಳು ಸಾಲದು.

6. ವರದಿ ತೋರಿಸುವ ಊರು ಬರೀ ಅಂದಾಜು. ಐಪಿ ವಿಳಾಸ ನೋಡಿ ಹೇಳುವುದು ಅದು. ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ಆ ಬೀಜ-ಗೊಬ್ಬರದ ಅಂಗಡಿಯ ಪುಟ ತೆರೆದೆ. ರಿಯಲ್‌ಟೈಮ್ ನನ್ನನ್ನು ಬೆಂಗಳೂರಿನಲ್ಲಿ ಕೂರಿಸಿತ್ತು. ಅಂದಿನಿಂದ ಅಂಗಡಿಯವರು ಹಂಚುವ ಚೀಟಿಗಳಿಗೆ ಊರಿಗೊಂದು ಕ್ಯೂಆರ್ ಕೋಡ್, ಅದರ ಲಿಂಕಿಗೆ ಬೇರೆ ಬೇರೆ ಯುಟಿಎಂ. ಈ ಮುಂಗಾರಿನಲ್ಲಿ ಯಾದಗಿರಿ ಗಂಜಿನ (ಮಾರುಕಟ್ಟೆಯ) ಚೀಟಿ ಹಿಡಿದು ಬಂದವರೇ ಹೆಚ್ಚು ಫೋನ್ ಹಚ್ಚಿದ್ದಾರೆ. ಮಾಲೀಕರು ಸುರಪುರಕ್ಕೆ ಅಚ್ಚು ಹಾಕಿಸಿದ್ದ ಉಳಿದ ಚೀಟಿಗಳನ್ನು ಹಾಗೇ ಇಟ್ಟು, ಗಂಜಿಗೆ ಇನ್ನೊಂದು ಸಾವಿರ ಹೇಳಿದ್ದಾರೆ.